ಬೇಟೆ ತೋಟಾಗೆ ಪೌಡರ್ ಆರಿಸ್ಕೊಂಡಿದ್ದು ಹೇಗೆ: ನನ್ನ ಅನುಭವ

ತೋಟಾ ಕೈಯಲ್ಲೇ ಲೋಡ್ ಮಾಡೋಕೆ (ಅಂದ್ರೆ ಕೇಸ್‌ಗೆ ಕಿಡಿ ಹಚ್ಚೋ ಪ್ರೈಮರ್, ಮದ್ದು ಅಂದ್ರೆ ಪೌಡರ್, ಬುಲೆಟ್ ಎಲ್ಲಾ ತಾವೇ ಕೂರಿಸೋಕೆ) ಶುರು ಮಾಡಿದವರು ಮೊದಲು ಕೇಳೋದೇ "ಯಾವ ಪೌಡರ್ ಬೆಸ್ಟ್?" ಅಂತ. ನಾನೂ ಕೇಳಿದ್ದೆ, ಎಷ್ಟು ಜನರನ್ನ ಕೇಳಿದ್ನೋ ಅಷ್ಟು ಹೆಸರು ಸಿಕ್ತು. ಈಗ ನನ್ನ .30-06 ರೈಫಲ್‌ಗೂ .243 ರೈಫಲ್‌ಗೂ ಎರಡಕ್ಕೂ ಒಂದೇ ಪೌಡರ್ ಹಾಕ್ತೀನಿ, ಹಾಡ್ಜ್‌ಡನ್ ಕಂಪನಿಯ ಎಚ್ 4350. ಅದೇ ಯಾಕೆ, ಬೇರೆದೆಲ್ಲ ಯಾಕೆ ಬಿಟ್ಟೆ ಅಂತ ಬರೀತೀನಿ. ಎಷ್ಟು ಗ್ರೇನ್ (ಮದ್ದು, ಬುಲೆಟ್ ತೂಗೋ ಸಣ್ಣ ಅಳತೆ) ಹಾಕ್ತೀನಿ ಅಂತ ಮಾತ್ರ ಹೇಳಲ್ಲ, ಕೇಳಲೂಬೇಡಿ. ನನ್ನ ಚೇಂಬರ್ (ರೈಫಲ್‌ನಲ್ಲಿ ತೋಟಾ ಕೂರೋ ಜಾಗ), ನನ್ನ ಕೇಸ್, ನನ್ನ ಪ್ರೈಮರ್ ಬೇರೆ, ನಿಮ್ಮದು ಬೇರೆ, ಆ ನಂಬರ್ ಲೋಡ್ ಪಟ್ಟಿಗಳಿರೋ ಮ್ಯಾನುವಲ್‌ನಿಂದಲೇ ಬರಬೇಕು. ಇನ್ನು ಲೈಸನ್ಸು, ಕಾನೂನು ಎಲ್ಲಾ ನೀವಿರೋ ಕಡೆ ಏನಿದೆಯೋ ಅದನ್ನ ಮೊದಲು ನೋಡ್ಕೊಳಿ.

ಪೌಡರ್‌ಗಿಂತ ಮುಂಚೆ ಬುಲೆಟ್ ಆರಿಸಬೇಕು. ನನಗೆ ಬೇಕಿದ್ದಿದ್ದು ಜಿಂಕೆ ಗಾತ್ರದ ಪ್ರಾಣಿಗೆ, ಹೆಚ್ಚಂದ್ರೆ 250 ಗಜ ದೂರ. ಅದಕ್ಕೆ .30-06ರಲ್ಲಿ 165 ಗ್ರೇನ್, .243ರಲ್ಲಿ 100 ಗ್ರೇನ್ ಅಂತ ಫಿಕ್ಸ್ ಮಾಡ್ಕೊಂಡೆ. ಬುಲೆಟ್ ತೂಕ ಗೊತ್ತಾಗದೆ ಪೌಡರ್ ವಿಷಯ ಮಾತಾಡಿ ಪ್ರಯೋಜನ ಇಲ್ಲ. ಈ ತೋಟಾಗೆ ಹಾಕೋ ಸ್ಮೋಕ್‌ಲೆಸ್ (ಹೊಗೆ ಕಮ್ಮಿ ಬರೋ) ಪೌಡರ್ ಬಾಂಬ್ ಥರ ಒಂದೇ ಸಲ ಸಿಡಿಯಲ್ಲ, ಕಾಳಿನ ಮೈ ಮೇಲಿಂದ ಉರ್ಕೊಂಡು ಹೋಗತ್ತೆ, ಒತ್ತಡ ಜಾಸ್ತಿ ಆದಷ್ಟೂ ಇನ್ನೂ ಬೇಗ ಉರಿಯತ್ತೆ. ಬುಲೆಟ್ ಭಾರ ಇದ್ರೆ ಮುಂದಕ್ಕೆ ಸರಿಯೋಕೆ ಹೊತ್ತು ತಗೊಳತ್ತೆ, ಅಷ್ಟರಲ್ಲಿ ಹಿಂದೆ ಒತ್ತಡ ಏರಿಬಿಡತ್ತೆ. ಅದಕ್ಕೆ ಭಾರದ ಬುಲೆಟ್‌ಗೆ ನಿಧಾನದ ಪೌಡರ್, ಹಗುರದ್ದಕ್ಕೆ ಸ್ವಲ್ಪ ಚುರುಕಿನದ್ದು. ಕಾಳಿನ ಗಾತ್ರ, ಅದರ ನಡುವಿನ ತೂತು, ಮೇಲೆ ಬಳಿದಿರೋ ಲೇಪ, ಇವುಗಳಿಂದಲೇ ಕಂಪನಿಯವರು ಈ ವೇಗ ಹಿಡಿತಕ್ಕೆ ತರೋದು.

ಬರೀ ಬುಲೆಟ್ ತೂಕ ನೋಡಿದ್ರೂ ಸಾಲದು, ಕೇಸ್ ಎಷ್ಟು ದೊಡ್ಡದು ನಳಿಗೆ ಎಷ್ಟು ಸಣ್ಣದು ಅನ್ನೋದೂ ಸೇರತ್ತೆ. ಇದು ನನಗೆ ತಲೆಗೆ ಹತ್ತಿದ್ದು .308 ಮತ್ತೆ .243 ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ. .308 ವಿಂಚೆಸ್ಟರ್ ಬಂದಿದ್ದು 1952ರಲ್ಲಿ, ಅದರದ್ದೇ ಕೇಸ್ ಕತ್ತು ಸಣ್ಣ ಮಾಡಿ 1955ರಲ್ಲಿ .243 ತಂದ್ರು. ಅಂದ್ರೆ ಕೊಡ ಒಂದೇ, ಬಾಯಿ ಮಾತ್ರ ಕಿರಿದು. ಒಳಗೆ ಹಿಡಿಯೋ ಮದ್ದು ಹೆಚ್ಚೂಕಮ್ಮಿ ಅಷ್ಟೇ, ಆದ್ರೆ ಗ್ಯಾಸ್ ಆಚೆ ಹೋಗೋಕಿರೋ ದಾರಿ 7.8 ಮಿಲಿಮೀಟರ್ ಬದಲು 6.2. ಹಾಗಾಗಿ .308ಗೆ ವಾರ್ಗೆಟ್, ಐಎಂಆರ್ 4064, ಎಚ್ 4895 ಈ ಸ್ವಲ್ಪ ಚುರುಕಿನ ಪೌಡರ್‌ಗಳ ಗುಂಪು ಚೆನ್ನಾಗಿ ಹೊಂದತ್ತೆ, ಅದೇ ಕೇಸ್‌ನ ತಮ್ಮ .243ಗೆ 100 ಗ್ರೇನ್ ಬುಲೆಟ್ ಇಟ್ರೆ 4350, 4831 ಥರದ ನಿಧಾನದ್ದು ಬೇಕಾಗತ್ತೆ. ಇನ್ನೊಂದು ಕಡೆ .30-06, ಇದು 1906ರ ಮುದುಕ, ಕೇಸ್ .308ಗಿಂತ ದೊಡ್ಡದು, 165 ಗ್ರೇನ್‌ಗೆ ಅದೂ ಬಂದು ನಿಲ್ಲೋದು 4350 ಹತ್ತಿರವೇ. ಎರಡು ಬೇರೆ ರೈಫಲ್‌ಗೆ ಒಂದೇ ಡಬ್ಬಿ ಸಾಕಾಗಿದ್ದು ಹೀಗೆ, ನನಗಂತೂ ಇದು ದೊಡ್ಡ ಲಾಭ, ಯಾಕಂದ್ರೆ ಮೇಜಿನ ಮೇಲೆ ಎರಡು ಡಬ್ಬಿ ಇದ್ರೆ ತಾನೇ ಅದಲು ಬದಲಾಗೋದು.

ಬರ್ನ್ ರೇಟ್ ಚಾರ್ಟ್ ಅಂತ ಸಿಗತ್ತಲ್ಲ, ಎಲ್ಲಾ ಪೌಡರ್‌ನೂ ವೇಗದ ಪ್ರಕಾರ ಸಾಲಾಗಿ ನಿಲ್ಲಿಸಿರೋದು, ಅದನ್ನ ನೋಡಿ ಯಾವ ಗುಂಪಲ್ಲಿ ಹುಡುಕಬೇಕು ಅಂತ ತಿಳ್ಕೊಳಿ ಅಷ್ಟೇ. ಪಕ್ಕದ ಪೌಡರ್ ತಾನೇ, ಅದರ ಚಾರ್ಜೇ (ಹಾಕೋ ಮದ್ದಿನ ಅಳತೆ) ಇದಕ್ಕೂ ನಡಿಯತ್ತೆ ಅಂತ ಯಾವತ್ತೂ ಹೋಗ್ಬೇಡಿ. ಹೆಸರು ಇನ್ನೂ ಮೋಸ ಮಾಡತ್ತೆ. ಎಚ್ 4831 ಮತ್ತೆ ಐಎಂಆರ್ 4831 (ಎಚ್, ಐಎಂಆರ್ ಅನ್ನೋದು ಬ್ರ್ಯಾಂಡ್), ನಂಬರ್ ಒಂದೇ, ಆದ್ರೆ ಐಎಂಆರ್‌ದು ಚುರುಕು, ಎಚ್‌ನ ಡೇಟಾ ನೋಡಿ ಐಎಂಆರ್ ತುಂಬಿದ್ರೆ ಒತ್ತಡ ಎಲ್ಲಿಗೋ ಹೋಗತ್ತೆ. 4350ದೂ ಇದೇ ಕಥೆ, 4895ದೂ ಹಾಗೇ, ಒಂದರ ಡೇಟಾ ಇನ್ನೊಂದಕ್ಕಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರೂಸ್ ಹಾಡ್ಜ್‌ಡನ್ ಅನ್ನೋರು ಮಿಲಿಟರಿಯಲ್ಲಿ ಉಳಿದಿದ್ದ ಪೌಡರ್ ಕೊಂಡು ಮಾರೋಕೆ ಶುರು ಮಾಡಿದ್ರು, ಅದರಲ್ಲಿ 4831 ಅನ್ನೋದು 20 ಮಿಲಿಮೀಟರ್ ಫಿರಂಗಿ ಶೆಲ್‌ಗೆ ಅಂತ ಮಾಡಿದ್ದು, .270 ರೈಫಲ್ ಇಟ್ಕೊಂಡಿದ್ದ ಬೇಟೆಗಾರರಿಗೆ ಅದು ಹಬ್ಬ ಆಗೋಯ್ತು. ಆ ಹಳೇ ನಂಬರ್‌ಗಳೇ ಇವತ್ತಿನವರೆಗೂ ಡಬ್ಬಿ ಮೇಲೆ ಉಳ್ಕೊಂಡಿವೆ. ಇನ್ನೊಂದು ಕಡೆ ಎಚ್ 414 ಮತ್ತೆ ಡಬ್ಲ್ಯೂ 760 ಹೆಸರು ಬೇರೆ ಬೇರೆ ಆದ್ರೂ ಒಳಗಿರೋ ಮಾಲು ಒಂದೇ. ಆದ್ದರಿಂದ ಹೆಸರಿನ ಮೇಲೆ ಭರವಸೆ ಇಡೋ ಹಾಗಿಲ್ಲ, ಡಬ್ಬಿ ಮೇಲಿನ ಪೂರ್ತಿ ಹೆಸರೂ ಮ್ಯಾನುವಲ್‌ನಲ್ಲಿರೋ ಹೆಸರೂ ಅಕ್ಷರ ಅಕ್ಷರ ಹೊಂದಬೇಕು.

ಕೊನೆಗೆ ನನ್ನ ಮುಂದೆ ಮೂರು ಉಳಿದ್ವು: ವಾರ್ಗೆಟ್, ಎಚ್ 4350, ಮತ್ತೆ ಒಂದು ಹಳೇ ಡಬಲ್ ಬೇಸ್ ಪೌಡರ್, ಅದರ ಹೆಸರು ಬೇಡ ಬಿಡಿ. ಡಬಲ್ ಬೇಸ್ ಅಂದ್ರೆ ನೈಟ್ರೋಸೆಲ್ಯುಲೋಸ್ ಜೊತೆ ನೈಟ್ರೋಗ್ಲಿಸರಿನ್‌ನೂ ಸೇರಿಸಿರ್ತಾರೆ, ಅಷ್ಟೇ ತೂಕಕ್ಕೆ ಶಕ್ತಿ ಜಾಸ್ತಿ. ಮ್ಯಾನುವಲ್ ಪ್ರಕಾರ ವೇಗದಲ್ಲಿ ಗೆದ್ದಿದ್ದು ಅದೇ. ಗುಂಡಿನ ವೇಗ ಅಳೆಯೋ ನನ್ನ ಕ್ರೋನೋಗ್ರಾಫಲ್ಲೂ ಅದೇ ಮುಂದಿತ್ತು.

ಆದ್ರೆ ನಾನು ವೇಗಕ್ಕಿಂತ ಮೊದಲು ನೋಡಿದ್ದು ಕೇಸ್ ಎಷ್ಟು ತುಂಬತ್ತೆ ಅನ್ನೋದು. .30-06ಗೆ ವಾರ್ಗೆಟ್ ಮ್ಯಾನುವಲ್ ಹೇಳಿದಷ್ಟು ಹಾಕಿ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಮದ್ದು ಕೇಸ್‌ನ ಭುಜಕ್ಕಿಂತ (ಕತ್ತಿಗೆ ಸಣ್ಣ ಆಗೋ ಜಾಗ) ಕೆಳಗೇ ನಿಂತಿರತ್ತೆ, ಮೇಲೆ ಖಾಲಿ ಜಾಗ. ತೋಟಾ ಅಡ್ಡ ಮಲಗಿಸಿದಾಗ ಒಂದು ಥರ, ಮೂತಿ ಮೇಲೆ ಮಾಡಿದಾಗ ಒಂದು ಥರ ಸರಿದಾಡತ್ತೆ, ಪ್ರೈಮರ್ ಕಿಡಿ ತಗುಲೋ ರೀತಿ ಪ್ರತಿ ಸಲ ಬೇರೆ ಆಗಬಹುದು. ಎಚ್ 4350 ಹಾಕಿದಾಗ ಹೆಚ್ಚೂಕಮ್ಮಿ ಕತ್ತಿನ ಬುಡದವರೆಗೆ ಬರತ್ತೆ, ಬುಲೆಟ್ ಕೂರಿಸಿದ ಮೇಲೆ ಅಲ್ಲಾಡಿಸಿದ್ರೆ ಸದ್ದೇ ಬರಲ್ಲ ಅನ್ನೋ ಹಾಗೆ. ಇನ್ನೊಂದು ಅನುಕೂಲ, ಮರೆತು ಎರಡು ಸಲ ಹಾಕಿದ್ರೆ ಚೆಲ್ಲಿ ಮೇಜಿನ ತುಂಬ ಆಗತ್ತೆ, ಕಣ್ಣಿಗೆ ಬೀಳದೇ ಇರೋಕೆ ಸಾಧ್ಯವೇ ಇಲ್ಲ. ಬೇಟೆ ತೋಟಾಗೆ ನಾನು ಇದಕ್ಕೆ ಕೊಡೋವಷ್ಟು ಬೆಲೆ ವೇಗಕ್ಕೆ ಕೊಡಲ್ಲ.

ಹಾಗಂತ ಕೇಸ್ ತುಂಬಲಿ ಅಂತ ಸಿಕ್ಕಾಪಟ್ಟೆ ನಿಧಾನದ ಪೌಡರ್ ತಗೊಂಡ್ರೆ ಪೂರ್ತಿ ಒತ್ತಿ ತುಂಬಿದ್ರೂ ಒತ್ತಡ ಏರಲ್ಲ, ವೇಗ ಬರಲ್ಲ, ಅರ್ಧ ಉರಿದ ಕಾಳು ನಳಿಗೆಯಲ್ಲಿ ಉಳಿಯತ್ತೆ. ರಿಕಾಯಿಲ್ (ಹೊಡೆದಾಗ ಹಿಂದಕ್ಕೆ ಬರೋ ಒದೆತ) ಕಮ್ಮಿ ಆಗ್ಲಿ ಅಂತ ನಿಧಾನದ ಪೌಡರ್‌ನ ಮ್ಯಾನುವಲ್‌ನ ಸ್ಟಾರ್ಟಿಂಗ್ ಲೋಡ್‌ಗಿಂತ (ಶುರು ಮಾಡೋಕೆ ಹೇಳಿರೋ ಕನಿಷ್ಠ ಅಳತೆ) ಕಮ್ಮಿ ಹಾಕೋದು ಇನ್ನೂ ಕೆಟ್ಟದ್ದು, ದೊಡ್ಡ ಕೇಸ್‌ನಲ್ಲಿ ಹಾಗೆ ಮಾಡಿ ರೈಫಲ್ ಒಡೆದಿರೋದು ಉಂಟು. ಹಗುರದ ಲೋಡ್ ಬೇಕು, ಹೊಸಬರಿಗೆ ಕಲಿಸಬೇಕು ಅನ್ನೋರಿಗೆ ಎಚ್ 4895 ಇದೆ. ಮ್ಯಾನುವಲ್‌ನಲ್ಲಿ ಆ ಕಾರ್ಟ್ರಿಜ್‌ಗೆ ಅದರ ಡೇಟಾ ಇದ್ರೆ ಮ್ಯಾಕ್ಸಿಮಮ್‌ನ 60 ಪರ್ಸೆಂಟ್‌ವರೆಗೂ ಇಳಿಸಬಹುದು ಅಂತ ಹಾಡ್ಜ್‌ಡನ್ ಕಂಪನಿಯೇ ಹೇಳತ್ತೆ. ಆ ಮಾತು ಆ ಒಂದು ಪೌಡರ್‌ಗೆ, ಬೇರೆ ರೈಫಲ್ ಪೌಡರ್‌ಗೆ ಅನ್ವಯಿಸ್ಕೋಬೇಡಿ.

ಆಮೇಲೆ ಬಿಸಿ ಚಳಿ ವಿಷಯ. ಅದೇ ಲೋಡ್‌ನ ಕೆಲವು ತೋಟಾ ಐಸ್ ಬಾಕ್ಸಲ್ಲಿಟ್ಟು, ಕೆಲವು ನೆರಳಲ್ಲಿ ಹೊರಗಿಟ್ಟು, ನಳಿಗೆ ಪೂರ್ತಿ ತಣ್ಣಗಾಗೋಕೆ ಬಿಟ್ಟು ಬಿಟ್ಟು ಒಂದೊಂದೇ ಕ್ರೋನೋಗ್ರಾಫ್ ಮುಂದೆ ಹೊಡೆದು ನೋಡಿದೆ. ಬೇಸರದ ಕೆಲಸ, ಆದ್ರೆ ಮಾಡಿ. ಎಚ್ 4350 ಎರಡರಲ್ಲೂ ಹೆಚ್ಚು ಕದಲಲಿಲ್ಲ, ಆ ಡಬಲ್ ಬೇಸ್ ಪೌಡರ್ ಐಸಿನದ್ದಕ್ಕೂ ನೆರಳಿನದ್ದಕ್ಕೂ ಸೆಕೆಂಡಿಗೆ ಐವತ್ತು ಅಡಿ ಹತ್ತಿರ ವ್ಯತ್ಯಾಸ ತೋರಿಸ್ತು. ಐವತ್ತು ಅಡಿ ಜಿಂಕೆಗೆ ಗೊತ್ತಾಗತ್ತಾ ಅಂದ್ರೆ ಇಲ್ಲ, 300 ಗಜದಲ್ಲೂ ಒಂದಿಂಚಿನ ಆಸುಪಾಸು ಕೆಳಗೆ ಮೇಲೆ ಅಷ್ಟೇ. ನನ್ನ ಚಿಂತೆ ಇದ್ದಿದ್ದು ಇನ್ನೊಂದು ಕಡೆ: ಚಳಿಗಾಲದ ಬೆಳಗ್ಗೆ ಮ್ಯಾಕ್ಸಿಮಮ್ ಹತ್ತಿರ ಸೆಟ್ ಮಾಡಿದ ಲೋಡ್‌ನ ಬೇಸಿಗೆ ಬಿಸಿಲಲ್ಲಿ ಗಾಡಿ ಡ್ಯಾಶ್‌ಬೋರ್ಡ್ ಮೇಲೆ ಯಾರೋ ಇಟ್ಟು ಮರೆತ್ರೆ ಒತ್ತಡ ಮಿತಿ ದಾಟಬಹುದು. ವಾರ್ಗೆಟ್, ಎಚ್ 4350, ಎಚ್ 4831 ಎಸ್‌ಸಿ ಇವೆಲ್ಲ ಹಾಡ್ಜ್‌ಡನ್‌ನವರ ಎಕ್ಸ್‌ಟ್ರೀಮ್ ಸಾಲಿನವು, ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ ತಯಾರಾಗೋದು, ಬಿಸಿ ಚಳಿಗೆ ಕಮ್ಮಿ ಕದಲೋ ಹಾಗೆ ಅಂತಲೇ ಮಾಡಿದ್ದು. ಆಸ್ಟ್ರೇಲಿಯಾದಲ್ಲಿ ಇದೇ ಎಚ್ 4350ನ ಎಡಿಐ ಹೆಸರಲ್ಲಿ ಎಆರ್ 2209 ಅಂತ ಮಾರ್ತಾರೆ.

ತುಂಬೋ ಸುಲಭದ ಬಗ್ಗೆ ಒಂದು ಮಾತು. ಬಾಲ್ ಪೌಡರ್ ಅಂದ್ರೆ ಸಣ್ಣ ಗುಂಡು ಗುಂಡು ಕಾಳು, ಪೌಡರ್ ಮೆಷರ್‌ನಿಂದ ನೀರಿನ ಹಾಗೆ ಇಳಿಯತ್ತೆ, ಅಳತೆ ಕರೆಕ್ಟ್. ಆದ್ರೆ ಕೆಲವಕ್ಕೆ ಬೆಂಕಿ ಹತ್ತೋದು ಕಷ್ಟ, ಚಳೀಲಿ ಇನ್ನೂ ಕಷ್ಟ, ಮ್ಯಾನುವಲ್‌ನಲ್ಲೇ ಮ್ಯಾಗ್ನಂ ಪ್ರೈಮರ್ (ಕಿಡಿ ಜೋರಾಗಿರೋದು) ಹಾಕಿ ಅಂತಿರತ್ತೆ. ಕಡ್ಡಿ ಥರ ಇರೋ ಪೌಡರ್, ಅದರಲ್ಲೂ ಉದ್ದ ಕಡ್ಡಿಯ ಐಎಂಆರ್ ಹಳೇವು, ಮೆಷರ್ ಹ್ಯಾಂಡಲ್ ಎಳೆದಾಗ ಕಡ್ಡಿ ಕಟ್ ಆಗಿ ಕರ್ ಅಂತ ತಡೆಯತ್ತೆ, ಕೆಳಗೆ ಟ್ಯೂಬಲ್ಲಿ ಅಡ್ಡ ಕೂತು ಸೇತುವೆ ಕಟ್ಟತ್ತೆ, ಒಂದು ಕೇಸ್‌ಗೆ ಅರ್ಧ ಬಿದ್ದು ಉಳಿದರ್ಧ ಮುಂದಿನ ಕೇಸ್‌ಗೆ ಬೀಳತ್ತೆ. ಎಚ್ 4350 ಕಡ್ಡಿ ಗಿಡ್ಡ, ಆದ್ರೂ ನಾನು ಮೆಷರ್‌ನ ನಂಬಲ್ಲ, ಸ್ವಲ್ಪ ಕಮ್ಮಿ ಸುರಿದು ತಕ್ಕಡಿ ತಟ್ಟೆಗೆ ಟ್ರಿಕ್ಲರ್‌ನಿಂದ ಕಡ್ಡಿ ಕಡ್ಡಿಯಾಗಿ ಉದುರಿಸ್ತೀನಿ, ಫನಲ್ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಿ, ಎಲ್ಲಾ ಕೇಸ್ ಟ್ರೇಲಿ ನಿಲ್ಲಿಸಿ ಟಾರ್ಚ್ ಬಿಟ್ಟು ಮಟ್ಟ ಒಂದೇ ಇದೆಯಾ ನೋಡಿ ಆಮೇಲೇನೇ ಬುಲೆಟ್. ಬೇಟೆಗೆ ಬೇಕಾಗೋದು ಒಂದೆರಡು ಡಬ್ಬ ತೋಟಾ, ಅವಸರ ಯಾಕೆ.

ನಳಿಗೆ ಗಿಡ್ಡ ಇದ್ರೆ ಚುರುಕಿನ ಪೌಡರ್ ಹಾಕಬೇಕು ಅಂತ ತುಂಬಾ ಜನ ಹೇಳ್ತಾರೆ. ಸಾಮಾನ್ಯವಾಗಿ ಉದ್ದ ನಳಿಗೆಯಲ್ಲಿ ಯಾವುದು ಜಾಸ್ತಿ ವೇಗ ಕೊಡತ್ತೋ ಗಿಡ್ಡ ನಳಿಗೆಯಲ್ಲೂ ಅದೇ ಕೊಡೋದು, ಬೆಂಕಿ ಸದ್ದು ಜೋರಾಗತ್ತೆ ಅಷ್ಟೇ. ಮುಸ್ಸಂಜೆ ಹೊತ್ತಲ್ಲಿ ಆ ಬೆಳಕು ಕಣ್ಣು ಕೋರೈಸತ್ತೆ ನಿಜ, ಅದು ನಿಮಗೆ ಮುಖ್ಯ ಅನ್ಸಿದ್ರೆ ಒಂದು ಮೆಟ್ಟಿಲು ಚುರುಕಿಗೆ ಹೋಗಿ.

ಲೋಡ್ ಸೆಟ್ ಮಾಡೋದು ಎಲ್ಲರಿಗೂ ಗೊತ್ತಿರೋದೇ. ಸ್ಟಾರ್ಟಿಂಗ್ ಲೋಡ್‌ನಿಂದ ಶುರು, ಸ್ವಲ್ಪ ಸ್ವಲ್ಪ ಏರಿಸೋದು. ಪ್ರತಿ ಹೊಡೆತ ಆದ್ಮೇಲೆ ಬೋಲ್ಟ್ ಎತ್ತುವಾಗ ಕೈಗೆ ಗಟ್ಟಿ ಅನ್ಸತ್ತಾ, ಕೇಸ್ ತಳದಲ್ಲಿ ಇಜೆಕ್ಟರ್ (ಖಾಲಿ ಕೇಸ್ ಆಚೆ ತಳ್ಳೋ ಭಾಗ) ತೂತಿನ ಹೊಳಪು ಗುರುತು ಬಿದ್ದಿದೆಯಾ, ಪ್ರೈಮರ್ ಅಂಚು ಚಪ್ಪಟೆ ಆಗಿ ಹರಡಿದೆಯಾ ನೋಡ್ತೀನಿ. ಆದ್ರೆ ಇವು ಕಾಣೋ ಹೊತ್ತಿಗೆ ಒತ್ತಡ ಆಗಲೇ ಜಾಸ್ತಿ ಆಗಿರತ್ತೆ. .30-06ಗೆ ಸಾಮಿ (ಅಮೆರಿಕದಲ್ಲಿ ತೋಟಾ ಒತ್ತಡದ ಮಿತಿ ಗೊತ್ತುಮಾಡೋ ಸಂಸ್ಥೆ) ಮಿತಿ 60,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .270ಗೆ 65,000, ಕೈಗೆ ಕಣ್ಣಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗತ್ತೆ? ಅದಕ್ಕೆ ನಾನು ನಂಬೋದು ಕ್ರೋನೋಗ್ರಾಫ್: ಅಷ್ಟೇ ಉದ್ದದ ನಳಿಗೆಗೆ ಮ್ಯಾನುವಲ್ ಹೇಳಿದ ಮ್ಯಾಕ್ಸಿಮಮ್ ವೇಗ ಬಂತು ಅಂದ್ರೆ, ಪೌಡರ್ ಇನ್ನೂ ಮ್ಯಾಕ್ಸಿಮಮ್ ಮುಟ್ಟದೇ ಇದ್ರೂ ಅಲ್ಲಿಗೆ ನಿಲ್ಲಿಸ್ತೀನಿ. ನನ್ನ ಬೇಟೆ ಲೋಡ್ ಅದಕ್ಕಿಂತ ಒಂಚೂರು ಕೆಳಗೇ ಇದೆ, ಟಾರ್ಗೆಟ್ ಮೇಲೆ ಗುಂಡುಗಳ ಗುಂಪು ಅಲ್ಲೇ ಚೆನ್ನಾಗಿ ಬಂತು. ಜಿಂಕೆ ಎದೆಗೂಡಿನ ಗುರಿ ಎಂಟು ಇಂಚು ಅಂದ್ಕೊಂಡ್ರೆ, ನೂರು ಗಜಕ್ಕೆ ಅರ್ಧ ಇಂಚಿನ ಗುಂಪಿಗೆ ಪೌಡರ್ ಸುಡ್ತಾ ಕೂರೋದಕ್ಕಿಂತ ತಣ್ಣಗಿರೋ ನಳಿಗೆಯ ಮೊದಲ ಗುಂಡು ಪ್ರತಿ ಸಲ ಒಂದೇ ಕಡೆ ಬೀಳೋದು ನನಗೆ ಬೇಕು, ಅದನ್ನೇ ಬೇರೆ ಬೇರೆ ದಿನ ಒಂದೇ ಟಾರ್ಗೆಟ್ ಪೇಪರ್ ಮೇಲೆ ಹೊಡೆದು ಚೆಕ್ ಮಾಡ್ತೀನಿ.

ಡಬ್ಬಿ ಕೊಳ್ಳುವಾಗ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ನಂಬರ್) ನೋಡಿ. ಒಂದು ಪೌಂಡ್ ಅಂದ್ರೆ 7000 ಗ್ರೇನ್, .30-06ಗೆ ನೂರಿಪ್ಪತ್ತು ತೋಟಾ ಆಸುಪಾಸು. ಒಂದೇ ಲಾಟ್‌ನ ಎರಡು ಡಬ್ಬಿ ಸಿಕ್ಕಿದ್ರೆ ಒಟ್ಟಿಗೆ ತಗೊಳಿ, ಲಾಟ್ ಬದಲಾದ್ರೆ ಕೆಳಗಿಂದ ಮತ್ತೆ ಏರಿಸ್ಕೊಂಡು ಬರಬೇಕು. ಕೆಲಸ ಮುಗಿದ ಮೇಲೆ ಮೆಷರ್‌ನಲ್ಲಿ ಉಳಿದಿದ್ದನ್ನ ಅದೇ ಡಬ್ಬಿಗೆ ವಾಪಸ್ ಹಾಕಿ ಮುಚ್ಚಳ ಬಿಗಿ ಮಾಡ್ತೀನಿ, ಮೆಷರ್‌ನಲ್ಲಿ ಬಿಟ್ರೆ ಮರುದಿನ ಯಾವ ಪೌಡರ್ ಅಂತ ಯಾರು ಹೇಳ್ತಾರೆ, ಜೊತೆಗೆ ತೇವ ಹೆಚ್ಚುಕಮ್ಮಿ ಆಗಿ ಉರಿಯೋ ವೇಗವೇ ಬದಲಾಗತ್ತೆ. ಡಬ್ಬಿ ತೆಗೆದಾಗ ಹುಳಿ ಘಾಟು ಬಂದ್ರೆ, ಒಳಗೆ ಕೆಂಪು ಕಂದು ಧೂಳೋ ಹೊಗೆಯೋ ಕಂಡ್ರೆ ಆ ಪೌಡರ್ ಕೆಟ್ಟಿದೆ, ಯೋಚನೆ ಮಾಡೋ ಹಾಗೇ ಇಲ್ಲ, ಬಳಸಬಾರದು.

ಎಚ್ 4350ಗೆ ಇರೋ ದೊಡ್ಡ ತೊಂದರೆ ಅದು ಎಲ್ಲರಿಗೂ ಬೇಕು ಅನ್ನೋದು, 6.5 ಕ್ರೀಡ್‌ಮೂರ್ ಅನ್ನೋ ತೋಟಾ ಬಂದ ಮೇಲಂತೂ ಕೇಳೋದೇ ಬೇಡ. ಸಿಗದಿದ್ದಾಗ ಅಂತ ಐಎಂಆರ್ 4350ಗೂ ಒಂದು ಲೋಡ್ ಬೇರೆಯಾಗಿ ಸೊನ್ನೆಯಿಂದ ಸೆಟ್ ಮಾಡಿ ಇಟ್ಟಿದೀನಿ, ಅದರ ಡಬ್ಬಿ ಬೇರೆ ಕಪಾಟಲ್ಲಿ, ಅದರ ತೋಟಾ ಪೆಟ್ಟಿಗೆ ಮೇಲೆ ಕೆಂಪು ಸ್ಟಿಕ್ಕರ್, ಎರಡೂ ಒಂದೇ ದಿನ ಮೇಜಿನ ಮೇಲೆ ಬರೋದಿಲ್ಲ.