ಒಂದು ಹಾಳೆಯ ಸುತ್ತ ಅಪ್ಪೆಮಿಡಿ ಬಳಗ ಬೆಳೆದದ್ದು: ನನ್ನ ಅನುಭವ

ಬಳಗ ಕಟ್ಟಬೇಕು ಅಂದವರಿಗೆಲ್ಲ ಮೊದಲು ಸಿಗುವ ಸಲಹೆ ಒಂದೇ, ವಾಟ್ಸಾಪ್ ಗ್ರೂಪ್ ಮಾಡಿ ಅಂತ. ನಾನೂ ಮಾಡಿದ್ದೆ. ಆಗ ಗ್ರೂಪಿಗೆ 256 ಜನರ ಮಿತಿ ಇತ್ತು, ಒಂದೆರಡು ತಿಂಗಳಲ್ಲೇ ತುಂಬಿತು. ಆದರೆ ಅಪ್ಪೆಮಿಡಿ, ಅಂದರೆ ಇಡಿಯಾಗಿ ಉಪ್ಪಿನಕಾಯಿ ಹಾಕುವ ಪರಿಮಳದ ಎಳೆ ಮಾವಿನಕಾಯಿ, ಅದರ ಬಗ್ಗೆ ಮಾತಾಡುತ್ತಿದ್ದವರು ಏಳೆಂಟು ಜನ. ಉಳಿದದ್ದೆಲ್ಲ ಶುಭೋದಯ, ಹಬ್ಬದ ಚಿತ್ರ, ಅಡಿಕೆ ರೇಟು. ಮಿಡಿ ಕಾಲ ಬಂದರೆ ಮಾತ್ರ "ಎಲ್ಲಿ ಸಿಗುತ್ತೆ, ಎಷ್ಟಕ್ಕೆ" ಅಂತ ಸಾಲು ಸಾಲು ಮೆಸೇಜು. ನನಗೆ ಬೇಕಿದ್ದದ್ದು ಮರ ಉಳಿಸಿಕೊಂಡವರ ಬಳಗ, ಗಿರಾಕಿಗಳ ಪಟ್ಟಿ ಅಲ್ಲ.

ಹಾಗಾಗಿ ತಿಂಗಳಿಗೊಂದು ಹಾಳೆ ಶುರು ಮಾಡಿದೆ. ಎ4, ಎರಡೂ ಬದಿ, ಜೆರಾಕ್ಸ್. "ಈ ಕಾಲದಲ್ಲಿ ಕಾಗದ ಯಾರು ಓದ್ತಾರೆ ಮಾರಾಯ" ಅಂತ ಮನೆಯವರಿಂದ ಹಿಡಿದು ಸೊಸೈಟಿಯಲ್ಲಿ ಸಿಕ್ಕವರವರೆಗೆ ಎಲ್ಲರೂ ಹೇಳಿದರು. ಮೊದಲ ವರ್ಷ ಅವರ ಮಾತೇ ನಿಜವಾಗುವ ಹಾಗಿತ್ತು. ಎರಡೂ ಬದಿ ನಾನೇ ತುಂಬಿಸುತ್ತಿದ್ದೆ, ಜೀರಿಗೆ ವಾಸನೆಯ ಮಿಡಿ ಯಾವುದು, ಕರ್ಪೂರದ್ದು ಯಾವುದು, ಸೊನೆ ಜಾಸ್ತಿ ಇರುವ ಮರ ಹೇಗೆ ಗುರುತಿಸಬೇಕು ಅಂತ. ಚೆನ್ನಾಗಿದೆ ಅಂದವರು ಬೇಕಾದಷ್ಟು, ತಿರುಗಿ ಒಂದು ಸಾಲು ಬರೆದವರಿಲ್ಲ. ಇನ್ನೂರು ಪ್ರತಿ, ಅಂಚೆ ಸೇರಿ ಒಂದಕ್ಕೆ ಏಳೆಂಟು ರೂಪಾಯಿ, ವರ್ಷಕ್ಕೆ ಹತ್ತಿರ ಹತ್ತಿರ 18 ಸಾವಿರ ಕೈಯಿಂದ ಹೋಯಿತು. ನೂರು ರೂಪಾಯಿ ಚಂದಾ ಕೇಳಿದೆ, ಕೊಟ್ಟವರು ಇಪ್ಪತ್ತು ಚಿಲ್ಲರೆ ಮನೆ. ಒಬ್ಬ ನರ್ಸರಿಯವರು ಎರಡು ಸಾವಿರ ಕೊಟ್ಟು ತಮ್ಮ ಗಿಡವನ್ನು ಹೊಗಳಿ ಬರೆಯಿರಿ ಅಂದರು. ದುಡ್ಡು ವಾಪಸ್ ಕೊಟ್ಟೆ. ಆ ಹಾಳೆಯಲ್ಲಿ ಒಂದು ಸಲ ಸುಳ್ಳು ಬಂದರೆ ಮುಗಿಯಿತು, ಅಲ್ವಾ?

ಎರಡನೇ ವರ್ಷ ಹಿಂಬದಿಯನ್ನು ಓದುಗರಿಗೇ ಬಿಟ್ಟೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆ ಕೃಷಿಕರ ಕೈಯಿಂದಲೇ ಬರೆಸಿ ಬೆಳೆದದ್ದನ್ನು ನೋಡಿದವನು ನಾನು, ಧೈರ್ಯ ಬಂದದ್ದು ಅಲ್ಲಿಂದ. ಪ್ರತಿ ಲಕೋಟೆಯೊಳಗೆ ನನ್ನ ವಿಳಾಸ ಬರೆದ ಐವತ್ತು ಪೈಸೆಯ ಪೋಸ್ಟ್ ಕಾರ್ಡ್ ಇಟ್ಟೆ. ಪ್ರಶ್ನೆ ಬಂದರೆ ಉತ್ತರ ಗೊತ್ತಿದ್ದರೂ ನಾನು ಬರೆಯುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ. ಮೊದಲ ತಿಂಗಳು ನಾಲ್ಕೈದು ಕಾರ್ಡ್, ಆರು ತಿಂಗಳಿಗೆ ಮೂವತ್ತು ನಲವತ್ತು.

ಒಂದು ಕಾರ್ಡ್ ಇನ್ನೂ ಇಟ್ಟುಕೊಂಡಿದ್ದೇನೆ. ಸಿದ್ದಾಪುರದ ಕಡೆಯ ಅಕ್ಕ ಒಬ್ಬರು ಬರೆದಿದ್ದರು, ಹಳ್ಳದ ದಂಡೆಯ ಮರದ ಮಿಡಿ ವಾಸನೆ ಭಾರೀ ಚೆಂದ, ಆದರೆ ಉಪ್ಪಿನಲ್ಲಿ ಆರು ತಿಂಗಳಿಗೇ ಮೆತ್ತಗಾಗುತ್ತದೆ, ಏನು ಮಾಡಲಿ ಅಂತ. ಮುಂದಿನ ತಿಂಗಳು ಮೂರು ಉತ್ತರ ಬಂತು. ಗೊರಟು ಬಲಿತ ಮೇಲೆ ಕೊಯ್ದಿದ್ದೀರಿ ಅಂತ ಒಬ್ಬರು. ತೊಟ್ಟು ಮುರಿದು ಹಾಕಿರಬೇಕು, ತೊಟ್ಟು ಸಮೇತ ಹಾಕಿ ಅಂತ ಇನ್ನೊಬ್ಬರು. ಮೂರನೆಯವರು, ಅದು ಮರದ ಗುಣ, ಏನು ಮಾಡಿದರೂ ಅಷ್ಟೇ ಅಂದರು. ಮೂರೂ ಅಚ್ಚು ಹಾಕಿದೆ, ಜಗಳ ಮೂರು ತಿಂಗಳು ನಡೆಯಿತು. ಆಮೇಲೆ ಆ ನಾಲ್ಕೂ ಮನೆಯವರು ನನಗೆ ಹೇಳದೇ ಅಕ್ಕನ ಮನೆಯಲ್ಲಿ ಸೇರಿ, ಒಂದೇ ಮರದ ಮಿಡಿಯನ್ನು ನಾಲ್ಕು ಥರ ಉಪ್ಪು ಹಾಕಿ ಜಾಡಿಯಲ್ಲಿಟ್ಟು ಬಂದಿದ್ದರು. ನನಗೆ ಗೊತ್ತಾದದ್ದು ಕಾರ್ಡ್ ಬಂದ ಮೇಲೆ. ಅವತ್ತು ಎಷ್ಟು ಖುಷಿ ಆಯಿತು ಅಂದರೆ, ಹೋದ ದುಡ್ಡೆಲ್ಲ ಮರೆತುಹೋಯಿತು. ತೊಟ್ಟು ಇಟ್ಟು ಎಳೆಯದನ್ನೇ ಹಾಕಿದ ಜಾಡಿ ಗೆದ್ದಿತು, ವರ್ಷ ದಾಟಿದರೂ ಕಚ್ಚಿದರೆ ಸದ್ದು ಬರುತ್ತಿತ್ತು.

ಯಾರ ಪ್ರಶ್ನೆಯನ್ನು ಮೊದಲು ಯಾರಿಗೆ ಕಳಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಹೇಳುತ್ತೇನೆ.

ನಡುವೆ ಕಸಿಕಡ್ಡಿಯನ್ನು, ಅಂದರೆ ಬೇರೆ ಗಿಡಕ್ಕೆ ಕಸಿ ಕಟ್ಟಲು ಒಳ್ಳೇ ಮರದಿಂದ ಕತ್ತರಿಸಿದ ಕಡ್ಡಿಯನ್ನು, ಅಂಚೆಯಲ್ಲಿ ಕಳಿಸುವ ಹುಚ್ಚು ಹಿಡಿದಿತ್ತು. ಒದ್ದೆ ಬಟ್ಟೆ ಸುತ್ತಿ ಕಳಿಸಿದವು ಅರ್ಧಕ್ಕರ್ಧ ಕಪ್ಪಾದವು. ವಾರ ಮೊದಲೇ ಎಲೆ ಸವರಿ, ಉಳಿದ ಎಲೆತೊಟ್ಟು ಉದುರಿ ಕಣ್ಣು ಉಬ್ಬಿದ ಮೇಲೆ ಕತ್ತರಿಸಿ, ಬಾಳೆ ಪಟ್ಟೆಯೊಳಗಿಟ್ಟು ಕಟ್ಟಿದರೆ ನಾಲ್ಕೈದು ದಿನ ತಡೆಯುತ್ತದೆ. ಈಗ ಹತ್ತಕ್ಕೆ ಆರೇಳು ಕೂಡುತ್ತವೆ. ಕಡ್ಡಿ ತಲುಪಿದ ಮನೆಯವರು ಹಾಳೆ ಬಿಟ್ಟದ್ದನ್ನು ನಾನು ನೋಡಿಲ್ಲ. ಅದು ಚಿಗುರಿತಾ ಅಂತ ಕೊಟ್ಟವರು ಕೇಳುತ್ತಾರೆ, ಇವರು ಹೇಳಲೇಬೇಕು.

ಮುನ್ನೂರು ಮನೆ ದಾಟಿದಾಗ ಎಲ್ಲರೂ ಬೆಳೆಸಿ ಬೆಳೆಸಿ ಅಂದರು, ನಾನು ಒಡೆದೆ. ಅಘನಾಶಿನಿ ಕಡೆಗೊಂದು ಹಾಳೆ, ಶರಾವತಿ ಕಡೆಗೊಂದು, ವರದಾ ಕಡೆಗೊಂದು. ಹೊಳೆ ಬದಲಾದರೆ ಮರ ಬೇರೆ, ಉಪ್ಪಿನಕಾಯಿ ಹದ ಬೇರೆ, ಪರಿಚಯದವರೂ ಬೇರೆ. ಬಳಗ ಹರಿದು ಹೋಗುತ್ತದೆ ಅಂತ ಹೆದರಿಸಿದವರೇ ಈಗ ಶರಾವತಿ ಹಾಳೆಗೆ ಬರೆಯುತ್ತಿದ್ದಾರೆ. ಮೂರೂ ಸೇರಿ ಐನೂರರ ಹತ್ತಿರ ಮನೆ ಇರಬಹುದು. ಖರ್ಚಿನ ದಾರಿಯೂ ಆಗಿದೆ. ಮಳೆಗಾಲದಲ್ಲಿ ಒಂದು ದಿನ ಎಲ್ಲರೂ ಸೇರಿ ಕಸಿ ಗಿಡ ಮಾರುತ್ತೇವೆ, ಗಿಡಕ್ಕೆ ಹತ್ತು ರೂಪಾಯಿ ಹಾಳೆಯ ಡಬ್ಬಿಗೆ. ಚಂದಾ ಕೇಳುವುದು ಬಿಟ್ಟೇ ಬಿಟ್ಟೆ.

ಈಗ ಬಳಗದ ಕೈಯಲ್ಲಿರುವ ದೊಡ್ಡ ಕೆಲಸ ಟೊಂಗೆ ಕಡಿಯುವುದನ್ನು ನಿಲ್ಲಿಸುವುದು. ಮಿಡಿ ಕೊಯ್ಯಲು ಬೇಸರಪಟ್ಟು ಟೊಂಗೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ, ಹೊಳೆದಡದ ಎಷ್ಟೋ ಹಳೇ ಮರ ಹೀಗೇ ಹೋಗಿವೆ. ಮರ ಹತ್ತಿ ಕೈಯಲ್ಲಿ ಕೊಯ್ದ ಮಿಡಿಗೆ ಜಾಸ್ತಿ ಕೊಡೋಣ, ಟೊಂಗೆ ಕಡಿದದ್ದನ್ನು ಮುಟ್ಟುವುದು ಬೇಡ ಅಂತ ಅಘನಾಶಿನಿ ಕಡೆಯವರು ಒಪ್ಪಿಕೊಂಡಿದ್ದಾರೆ. ಶರಾವತಿಯವರು ಈ ಸಲದ ಮಿಡಿ ಕಾಲಕ್ಕೆ ನೋಡೋಣ ಅಂದಿದ್ದಾರೆ. ವರದಾ ಕಡೆ ಮಾತುಕತೆ ಇನ್ನೂ ನಡೆದಿದೆ.