ಜೋನಿಬೆಲ್ಲ, ಹಲಸು, ತೋಟದ ಕೆಲಸ: ನನ್ನ ಶುಗರ್ ಲೆಕ್ಕ

ನಮ್ಮ ತೀರ್ಥಹಳ್ಳಿ ಕಡೆ ಶುಗರ್ ಇರುವವರು ಇಬ್ಬರು ಸಿಕ್ಕರೆ ಮೊದಲು ಕೇಳುವುದೇ ‘ಎಷ್ಟಿದೆ?’ ಅಂತ. ನನಗಂತೂ ಬೆಳಿಗ್ಗೆ ಒಂದಿದ್ದರೆ ತಿಂಡಿಯಾದ ಮೇಲೆ ಇನ್ನೊಂದು, ತೋಟದಿಂದ ಬಂದು ನೋಡಿದರೆ ಮತ್ತೊಂದು. ಯಾವುದನ್ನು ಹೇಳುವುದು? ಅದಕ್ಕೇ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯಲು ಶುರು ಮಾಡಿದೆ. ಊಟಕ್ಕೆ ಮೊದಲು ಒಂದು ಸಲ, ಊಟಕ್ಕೆ ಕೂತು ಎರಡು ಗಂಟೆಗೆ ಇನ್ನೊಂದು ಸಲ. ಪಕ್ಕದಲ್ಲಿ ಏನು ತಿಂದೆ, ಎಷ್ಟು ತಿಂದೆ. ದಿನಾ ಎಲ್ಲ ಊಟಕ್ಕೂ ಬೆರಳು ಚುಚ್ಚಿಕೊಂಡು ಮೀಟರಿನಲ್ಲಿ ನೋಡಿದರೆ, ರಕ್ತದ ಹನಿ ಹಾಕುವ ಸ್ಟ್ರಿಪ್ಪಿನ ದುಡ್ಡಿಗೇ ಅಡಿಕೆ ಮಾರಬೇಕು, ಹಾಗಾಗಿ ಇವತ್ತು ತಿಂಡಿ, ನಾಳೆ ಮಧ್ಯಾಹ್ನದ ಊಟ ಅಂತ ಸರದಿ. ಡಾಕ್ಟರು ನನಗೆ ಕೊಟ್ಟ ಗುರಿ ಊಟಕ್ಕೆ ಮೊದಲು 80ರಿಂದ 130, ಎರಡು ಗಂಟೆ ನಂತರ 180ರೊಳಗೆ. ವಯಸ್ಸಾದವರಿಗೆ ಗುರಿ ಸ್ವಲ್ಪ ಸಡಿಲ ಇರುತ್ತದೆ, ಅವರವರ ಡಾಕ್ಟರನ್ನೇ ಕೇಳಬೇಕು.

ಬರೆಯುತ್ತಾ ಹೋದಂತೆ ಸುಮಾರು ವಿಷಯ ಬಯಲಾಯಿತು. ಕಡುಬನ್ನು ಬರೀ ಚಟ್ನಿಯಲ್ಲಿ ತಿಂದ ದಿನ 230 ದಾಟುತ್ತಿತ್ತು. ಮೊದಲು ಒಂದು ಬಟ್ಟಲು ಹೆಸರುಕಾಳಿನ ಪಲ್ಯ ಖಾಲಿ ಮಾಡಿ, ಆಮೇಲೆ ಎರಡೇ ಕಡುಬು ತಿಂದು, ಅಂಗಳದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದರೆ 170ರ ಆಸುಪಾಸು. ಇನ್ನು ಜೋನಿಬೆಲ್ಲ. ‘ಸಕ್ಕರೆ ಅಲ್ವಲ್ಲ, ಮನೆ ಬೆಲ್ಲ, ಏನೂ ಆಗಲ್ಲ’ ಅಂತ ನೆಂಟರೆಲ್ಲ ಬಡಿಸುತ್ತಾರೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ, ಮೀಟರ್ ನೆಂಟರ ಮಾತು ಕೇಳುವುದಿಲ್ಲ.

ಮೀಟರನ್ನೂ ಕಣ್ಣುಮುಚ್ಚಿ ನಂಬಬಾರದು. ಹಲಸಿನ ಕಾಲದಲ್ಲಿ ಒಮ್ಮೆ ನಮ್ಮ ಅತ್ತೆ 280 ಬಂತು ಅಂತ ಗಾಬರಿಯಾಗಿ ಕೂತಿದ್ದರು. ಆಗಷ್ಟೇ ಮೊಮ್ಮಕ್ಕಳಿಗೆ ತೊಳೆ ಬಿಡಿಸಿ ಕೊಟ್ಟಿದ್ದರು, ಕೈಯನ್ನು ಸೆರಗಿಗೆ ಒರೆಸಿಕೊಂಡಿದ್ದರು ಅಷ್ಟೇ. ‘ಅತ್ತೆ, ಸೋಪು ಹಾಕಿ ಕೈ ತೊಳೆದು ಬನ್ನಿ’ ಅಂದೆ. ಚೆನ್ನಾಗಿ ಒರೆಸಿಕೊಂಡು ಇನ್ನೊಂದು ಬೆರಳಲ್ಲಿ ನೋಡಿದರೆ 150ರ ಹತ್ತಿರ! ಬೆರಳಿಗೆ ಅಂಟಿದ ಹಣ್ಣಿನ ರಸ ರಕ್ತದ ಹನಿಗೆ ಸೇರಿಬಿಟ್ಟಿತ್ತು. ನಮ್ಮ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಸ್ಟ್ರಿಪ್ ಕೆಡದೆ ಇರುತ್ತದಾ? ಒಂದು ತೆಗೆದ ತಕ್ಷಣ ಡಬ್ಬಿ ಮುಚ್ಚಳ ಹಾಕಬೇಕು, ಬೇರೆ ಡಬ್ಬಿಗೆ ಸುರಿಯಬಾರದು.

ನನ್ನನ್ನು ಬಹಳ ಕಾಡಿದ್ದು ಬೆಳಗಿನ ನಂಬರ್. ರಾತ್ರಿ ಬೇಗ, ಕಡಿಮೆ ಉಂಡು ಮಲಗಿದರೂ ಎದ್ದಾಗ 150. ಕಡಿಮೆ ಉಂಡಷ್ಟೂ ಇಳಿಯಬೇಕು ಅಲ್ವಾ? ಡಾಕ್ಟರು ಒಂದೆರಡು ರಾತ್ರಿ ಮೂರು ಗಂಟೆಗೆ ಎದ್ದು ನೋಡಲು ಹೇಳಿದರು. ಆಗ ಇಳಿದಿರಲಿಲ್ಲ. ಬೆಳಗಿನ ಜಾವ ಕೆಲವು ಹಾರ್ಮೋನು ಏರಿ, ಯಕೃತ್ತು ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದಂತೆ. ಮೂರು ಗಂಟೆಗೆ ತೀರಾ ಇಳಿದಿದ್ದರೆ ರಾತ್ರಿಯ ಮದ್ದಿನ ಬಗ್ಗೆ ಬೇರೆ ಥರ ಯೋಚಿಸಬೇಕಿತ್ತು, ಅಂದರೆ ಮಾತ್ರೆಯೇ ಜಾಸ್ತಿಯಾಗಿದೆಯಾ ಅಂತ. ಪುಸ್ತಕ ನೋಡಿಯೇ ಅವರು ಮಾತ್ರೆ ಬದಲಿಸಿದ್ದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಈ ಏರಿಳಿತ ಕಾಣುವುದಿಲ್ಲ, ಏರಿದ್ದೂ ಇಳಿದಿದ್ದೂ ಸೇರಿ ಒಳ್ಳೆ ನಂಬರೇ ಬಂದುಬಿಡಬಹುದು.

ಶುಗರ್ ತೀರಾ ಇಳಿದುಬಿಟ್ಟರೆ ಇನ್ನೂ ಕಷ್ಟ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಥರದ ಮಾತ್ರೆ ತಗೊಂಡು, ತಿಂಡಿ ತಡವಾಗಿ, ದರಗು (ಒಣಗಿದ ಎಲೆ) ಹೊರಲು ಹೋದರೆ ಮುಗೀತು. ಕೈ ನಡುಗಿ ಬೆವರು ಕಿತ್ತುಕೊಂಡು ಬಂದ ದಿನ ನೋಡಿದರೆ 62. 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ. ಈಗ ತೋಟಕ್ಕೆ ಹೊರಟರೆ ಕತ್ತಿಯ ಜೊತೆ ಗ್ಲೂಕೋಸ್ ಪೊಟ್ಟಣವೂ ಇರುತ್ತದೆ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.