ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುವಂತೆ ಮಾಡಿದ್ದು

ಅಪ್ಪನ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್ 7 ಬಿಟ್ಟು ಬೇರೆ ಯಾವುದರಲ್ಲೂ ಓಡುವುದಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟು ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಅಪ್‌ಡೇಟ್ ಒತ್ತಿದರೆ ಕೆಂಪು ಗುರಾಣಿ, ಪಕ್ಕದಲ್ಲಿ 80072ಇಎಫ್‌ಇ ಎಂಬ ದೋಷದ ಕೋಡ್. ಎರಡು ರಾತ್ರಿ ರೌಟರ್, ಕೇಬಲ್ ಎಲ್ಲದರ ಮೇಲೂ ಅನುಮಾನಪಟ್ಟೆ. ನಿಜವಾದ ಕಾರಣ, ಈಗಿನ ಅಪ್‌ಡೇಟ್‌ಗಳಿಗಿರುವುದು ಎಸ್‌ಎಚ್‌ಎ-2 ಸಹಿ, ಅಂದರೆ ಫೈಲ್ ಅಸಲಿ ಎಂದು ತೋರಿಸುವ ಹೊಸ ಬಗೆಯ ಡಿಜಿಟಲ್ ಗುರುತು. ಹಳೆಯ ಸಿಸ್ಟಂಗೆ ಅದನ್ನು ಗುರುತಿಸಲು ಬರುವುದೇ ಇಲ್ಲ.

ಅಪ್‌ಡೇಟ್‌ಗಳನ್ನು ಬಿಡಿಬಿಡಿಯಾಗಿ ಕೊಡುವ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ತಾಣದಿಂದ ಮೂರು ಫೈಲ್ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ವಿಂಡೋಸ್ 7ರ ದೊಡ್ಡ ಅಪ್‌ಡೇಟ್ ಕಂತಾದ ಸರ್ವಿಸ್ ಪ್ಯಾಕ್ 1ರ ಮೇಲೆ ಮೊದಲು ಕೆಬಿ3138612, ಆಮೇಲೆ ಕೆಬಿ4490628, ಕೊನೆಗೆ ಕೆಬಿ4474419. ರೀಸ್ಟಾರ್ಟ್ ಆದದ್ದೇ ತಡ, ಅಪ್‌ಡೇಟ್‌ಗಳು ಸಾಲುಗಟ್ಟಿ ಇಳಿದವು. ಎಷ್ಟು ಸಮಾಧಾನವಾಯಿತು!

ಆದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಎಲ್ಲರಿಗೂ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ, ಹೊಸ ಭದ್ರತಾ ದೋಷಗಳಿಗೆ ಪರಿಹಾರ ಬರುವುದಿಲ್ಲ. ಅದಕ್ಕೇ ಅಪ್‌ಡೇಟ್ ಮುಗಿದೊಡನೆ ಇಂಟರ್ನೆಟ್ ಕೇಬಲ್ ಕಿತ್ತಿಟ್ಟೆ. ಈಗ ದಿನಾ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಅಪ್ಪ ಬಿಲ್ಲುಗಳ ಬ್ಯಾಕಪ್ ತೆಗೆದಿಡುತ್ತಾರೆ.